ಪಕ್ಕದ ಮನೆ ಹುಡುಗ ಕಂದಹಾರ್‌ನಲ್ಲಿ, ನನಗೆ ಈ ಯುದ್ಧ ಬೇಡ

ಪ್ರಶ್ನೆ: ಮದುವೆಯಾಗಿ ಶಿವಮೊಗ್ಗದಿಂದ ಕೆನಡಾಕ್ಕೆ ಬಂದವಳು ನಾನು. ಟೊರಾಂಟೊ ಪಕ್ಕದ ಮಿಸ್ಸಿಸಾಗದಲ್ಲಿದ್ದೇವೆ. ಸಿಟಿಜನ್‌ಶಿಪ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದೇವೆ. ಅಫ್ಘಾನಿಸ್ತಾನದಲ್ಲಿರುವ ಕೆನಡಾ ಸೇನೆಯನ್ನು 2011ರವರೆಗೆ ಅಲ್ಲೇ ಇಡಲು 2008ರ ಈ ಮಾರ್ಚ್ 13ರಂದು ಪಾರ್ಲಿಮೆಂಟ್ ಒಪ್ಪಿತು. ನನಗೆ ಇದು ಸರಿ ಕಾಣುತ್ತಿಲ್ಲ. ಮೆರವಣಿಗೆಗೆ ಹೋಗಬೇಕು, ಮನೆ ಮುಂದೆ ಬೋರ್ಡ್ ನೆಡಬೇಕು ಅನ್ನಿಸುತ್ತದೆ. ಆದರೆ ಪಕ್ಕದ ಮನೆಯವರ ಮಗ ಕಂದಹಾರ್‌ನಲ್ಲಿ ಸೈನಿಕ. ನನ್ನ ಬಾಣಂತನದಲ್ಲಿ ಅವನ ತಾಯಿ ಸ್ವಂತ ಅಕ್ಕನ ಹಾಗೆ ನೋಡಿಕೊಂಡರು. ಶುಕ್ರವಾರ ಕೆಂಪು ಬಟ್ಟೆ ಹಾಕಿ ಸೈನಿಕರಿಗೆ ಬೆಂಬಲ ತೋರಿಸು ಅನ್ನುತ್ತಾರೆ. ನಮ್ಮವರು ‘ನಮಗ್ಯಾಕೆ ಊರ ಉಸಾಬರಿ, ಅರ್ಜಿಗೆ ಕಲ್ಲು ಬಿದ್ದೀತು’ ಎಂದು ಗದರುತ್ತಾರೆ. ಏನು ಮಾಡಲಿ?

ಉತ್ತರ: ನಿಮ್ಮವರ ಭಯವನ್ನು ಮೊದಲು ಮುಗಿಸೋಣ, ಅದು ಸುಲಭ. ಕೆನಡಾದ ಚಾರ್ಟರ್, ಅಂದರೆ ಸಂವಿಧಾನದ ಹಕ್ಕುಪತ್ರದ ಪ್ರಕಾರ ಓಟು ಹಾಕುವ ಹಕ್ಕು ಸಿಟಿಜನ್‌ಗಳಿಗೆ ಮಾತ್ರ. ಮಾತಾಡುವ, ಶಾಂತಿಯಿಂದ ಸೇರುವ ಹಕ್ಕು ಎಲ್ಲರಿಗೂ ಇದೆ. ಅರ್ಜಿ ನೋಡುವವರಿಗೆ ಬೇಕಾದದ್ದು ನೀವು ಎಷ್ಟು ದಿನ ದೇಶದಲ್ಲಿದ್ದಿರಿ, ಭಾಷೆ ಬರುತ್ತದೆಯೇ, ದೇಶದ ಬಗ್ಗೆ ತಿಳಿದಿದೆಯೇ, ಕ್ರಿಮಿನಲ್ ಕೇಸ್ ಇದೆಯೇ ಎಂಬುದು. ಸುಮ್ನೆ ನಾಲ್ಕು ಜನರ ಜೊತೆ ಮೆರವಣಿಗೆಯಲ್ಲಿ ನಡೆದರೆ ಅದಕ್ಕೆ ಕಲ್ಲು ಬೀಳುವುದಿಲ್ಲ. ಇನ್ನು ಉಸಾಬರಿಯ ಮಾತು. ನಿಮ್ಮವರ ಸಂಬಳದಲ್ಲಿ ಹಿಡಿಯುವ ಟ್ಯಾಕ್ಸಿನಿಂದಲೇ ಈ ಯುದ್ಧವೂ ನಡೆಯುತ್ತಿದೆ ಅಲ್ವಾ? ಮತ್ತೆ ಅದು ಬೇರೆಯವರ ವಿಷಯ ಹೇಗಾದೀತು?

ನಿಮ್ಮ ಸಿಟ್ಟಿಗೂ ಕಾರಣವಿದೆ. 2006ರ ಮೇ ತಿಂಗಳಲ್ಲಿ ಇದೇ ಪಾರ್ಲಿಮೆಂಟ್ 149–145 ಮತಗಳಿಂದ, ಅಂತೂ ಇಂತೂ, 2009ರ ಫೆಬ್ರವರಿವರೆಗೆ ಅಂದಿತ್ತು. ಆ ಗಡುವು ಬರುವ ಮೊದಲೇ ಈಗ 2011. ವಿರೋಧ ಪಕ್ಷವಾದ ಲಿಬರಲ್ ಪಕ್ಷ ಪ್ರಧಾನಿ ಹಾರ್ಪರ್ ಸರ್ಕಾರದ ಜೊತೆ ನಿಂತಿದ್ದರಿಂದ ಈ ಸಲ ಮತಗಳು 198–77. ನ್ಯೂ ಡೆಮಾಕ್ರಟಿಕ್ ಪಕ್ಷ (ಎನ್‌ಡಿಪಿ) ಮತ್ತು ಕೆಬೆಕ್ ಪ್ರಾಂತ್ಯದ ಬ್ಲಾಕ್ ಪಕ್ಷ ಮಾತ್ರ ಬೇಡ ಅಂದವು. ಸರ್ಕಾರವೇ ನೇಮಿಸಿ, ಜನವರಿಯಲ್ಲಿ ವರದಿ ಕೊಟ್ಟ ಮ್ಯಾನ್ಲಿ ಸಮಿತಿ, ನೇಟೊ ಸೇನಾ ಕೂಟ ಇನ್ನೂ 1000 ಸೈನಿಕರನ್ನು ಕೊಟ್ಟರೆ, ಹೆಲಿಕಾಪ್ಟರ್ ಸಿಕ್ಕರೆ ಮಾತ್ರ ಇರಿ ಅಂದಿತು. ಅಂದರೆ ಇಷ್ಟು ದಿನ ಇದ್ದ ಬಲ ಸಾಲದು ಎಂದು ಅವರೇ ಒಪ್ಪಿದ ಹಾಗಾಯಿತು. ಸಾಕಾಗದಷ್ಟು ಬಲ ಕೊಟ್ಟು ಹುಡುಗರನ್ನು ಅಲ್ಲಿ ಇಟ್ಟಿದ್ದವರು ಈಗ ಇನ್ನಷ್ಟು ವರ್ಷ ಕೇಳುತ್ತಿದ್ದಾರೆ. ನನಗೂ ಇದು ಹಿಡಿಸಲಿಲ್ಲ.

ಆದರೆ ಒಂದು ಪ್ರಶ್ನೆಗೆ ಉತ್ತರ ಯೋಚಿಸಿಕೊಂಡೇ ಬೀದಿಗಿಳಿಯಿರಿ. ತಾಲಿಬಾನ್ ಆಳ್ವಿಕೆಯಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ಸೇನೆ ನಾಳೆಯೇ ಹೊರಟರೆ, ಈಗಷ್ಟೇ ಪುಸ್ತಕ ಹಿಡಿದ ಆ ಮಕ್ಕಳ ಗತಿ ಏನು? ಹೀಗೆ ಕೇಳುವವರೆಲ್ಲ ಯುದ್ಧದ ಹುಚ್ಚಿನವರಲ್ಲ. ನನ್ನ ಹತ್ತಿರವೂ ಇದಕ್ಕೆ ಪೂರ್ತಿ ಉತ್ತರ ಇಲ್ಲ.

ನಿಜವಾದ ಕಷ್ಟ ಪಕ್ಕದ ಮನೆಯದು. 2008ರ ಈ ಮಾರ್ಚ್‌ವರೆಗೆ ಕೆನಡಾದ ಸುಮಾರು 80 ಸೈನಿಕರು ಅಲ್ಲಿ ಸತ್ತಿದ್ದಾರೆ. ಟ್ರೆಂಟನ್ ವಾಯುನೆಲೆಗೆ ಶವಪೆಟ್ಟಿಗೆ ಬಂದಾಗಲೆಲ್ಲ, ಅಲ್ಲಿಂದ ಟೊರಾಂಟೊವರೆಗೆ 401 ಹೆದ್ದಾರಿಯ ಸೇತುವೆಗಳ ಮೇಲೆ ಜನ ಬಾವುಟ ಹಿಡಿದು ನಿಂತಿರುತ್ತಾರೆ. 2007ರಲ್ಲಿ ಆ ರಸ್ತೆಗೆ ವೀರರ ಹೆದ್ದಾರಿ ಎಂದು ಹೆಸರನ್ನೂ ಇಟ್ಟರು. ನೀವು ಅದನ್ನು ಟಿವಿಯಲ್ಲಿ ಸುದ್ದಿಯಾಗಿ ನೋಡುತ್ತೀರಿ. ಆಕೆ ಪ್ರತಿ ಸಲ ‘ಸದ್ಯ, ನನ್ನ ಮಗ ಅಲ್ಲ’ ಅಂದುಕೊಂಡು, ಹಾಗೆ ಅಂದುಕೊಂಡದ್ದಕ್ಕೆ ತಾನೇ ನೊಂದುಕೊಳ್ಳುತ್ತಿರಬಹುದು. ಅಂಥವರ ಮುಂದೆ ‘ಈ ಯುದ್ಧದಿಂದ ಏನೂ ಆಗುವುದಿಲ್ಲ’ ಅಂದರೆ, ಮಗ ಸುಮ್ಮಸುಮ್ಮನೆ ಸಾಯಬಹುದು ಅಂದ ಹಾಗೆ ಕೇಳಿಸುತ್ತದೆ. ಅವನು ಅಲ್ಲಿರುವವರೆಗೆ ಆಕೆಯ ಜೊತೆ ವಾದಕ್ಕೆ ಇಳಿಯಬೇಡಿ. ಕೇಳಿದರೆ ಸುಳ್ಳೂ ಹೇಳಬೇಡಿ.

ಹಾಗಾಗಿ ಬೋರ್ಡ್ ಬೇಡ. ನಿಮ್ಮ ಅಂಗಳದ ಬೋರ್ಡನ್ನು ಪ್ರಧಾನಿ ನೋಡುವುದಿಲ್ಲ. ದಿನಾ ಬೆಳಗ್ಗೆ ನೋಡಬೇಕಾದವರು ಆಕೆ.

ಮೆರವಣಿಗೆಗೆ ಹೋಗಿ. ಹೋಗುವ ಮೊದಲು ನೀವೇ ಅವರ ಮನೆಗೆ ಹೋಗಿ ಹೇಳಿ. ಬೇರೆಯವರಿಂದ ಗೊತ್ತಾದರೆ ಜಾಸ್ತಿ ನೋವು. ‘ಕೈ ಎತ್ತಿದ ಎಂಪಿಗಳ ಮೇಲೆ ನನಗೆ ಸಿಟ್ಟು, ನಿಮ್ಮ ಮಗನ ಮೇಲೆ ಅಲ್ಲ, ಅವನು ಬೇಗ ಮನೆಗೆ ಬರಲಿ ಎಂದೇ ಹೋಗುತ್ತಿದ್ದೇನೆ’ ಅನ್ನಿ. ಅಷ್ಟು ಸಾಕು, ಭಾಷಣ ಬೇಡ. ಆಕೆ ಮುನಿಸಿಕೊಂಡು ಕೆಲವು ದಿನ ಮಾತು ಬಿಡಬಹುದು. ಬಿಡಲಿ, ಆ ಹಕ್ಕು ಅವರಿಗಿದೆ. ಅಥವಾ ನೀವು ಅಂದುಕೊಳ್ಳದ ಮಾತೂ ಬರಬಹುದು. ಸೈನಿಕರು ಹೋಗುವುದು ಸರದಿಯ ಮೇಲೆ. ಗಡುವು 2011ಕ್ಕೆ ಹೋದರೆ ಅವನ ಸರದಿ ಮತ್ತೊಮ್ಮೆ ಬರಬಹುದು. ಆ ಲೆಕ್ಕವನ್ನು ಆಕೆ ನಿಮಗಿಂತ ಮೊದಲೇ ಹಾಕಿರುತ್ತಾರೆ.

ಕೆಂಪು ಬಟ್ಟೆಯ ವಿಷಯ. ಅದನ್ನು ಶುರು ಮಾಡಿದ್ದು ಸೈನಿಕರ ಹೆಂಡತಿಯರು, ಕೆಟ್ಟ ಮನಸ್ಸಿನಿಂದಲ್ಲ. ಆಮೇಲೆ ಅದಕ್ಕೆ ರಾಜಕೀಯದ ಬಣ್ಣವೂ ಹತ್ತಿತು. ಮನಸ್ಸು ಒಪ್ಪದಿದ್ದರೆ ಹಾಕಬೇಡಿ, ಒಗೆಯಲು ಹಾಕಿದ್ದೇನೆ ಎಂಬ ನೆಪವೂ ಬೇಡ. ಅದರ ಬದಲು ಅವರು ಮಗನಿಗೆ ಕಳಿಸುವ ಪಾರ್ಸೆಲ್‌ಗೆ ಒಂದು ಡಬ್ಬ ಚಕ್ಕುಲಿ ಕೊಡಿ. ಬಾಣಂತನದ ಋಣ ಬಟ್ಟೆಯ ಬಣ್ಣದಿಂದ ತೀರುವಂಥದ್ದಲ್ಲ.

ಇನ್ನೊಂದು ಕೆಲಸವಿದೆ, ಮೆರವಣಿಗೆಗಿಂತ ಅದೇ ಮುಖ್ಯ ಎಂದು ನನ್ನ ಲೆಕ್ಕ. ನಿಮ್ಮ ಕ್ಷೇತ್ರದ ಎಂಪಿ ಅಂದು ಹೇಗೆ ಮತ ಹಾಕಿದರು ಎಂದು ನೋಡಿ ಅವರಿಗೆ ಪತ್ರ ಬರೆಯಿರಿ. ಒಟ್ಟಾವಾದ ಪಾರ್ಲಿಮೆಂಟ್ ವಿಳಾಸಕ್ಕೆ ಹಾಕುವ ಕಾಗದಕ್ಕೆ ಅಂಚೆಚೀಟಿಯೂ ಬೇಕಿಲ್ಲ. 2011ರಲ್ಲಿ ಏನನ್ನು ನೋಡಿ ಕೆಲಸ ಮುಗಿಯಿತು ಅನ್ನುತ್ತೀರಿ, ಅದು ಆಗದಿದ್ದರೆ ಮತ್ತೆ ಗಡುವು ಮುಂದೆ ಹಾಕುತ್ತೀರಾ ಎಂದು ನೇರವಾಗಿ ಕೇಳಿ. ನಿಮ್ಮವರೂ ಸಹಿ ಹಾಕುತ್ತಾರಾ ಕೇಳಿ ನೋಡಿ. ಹಾಕದಿದ್ದರೆ ನಿಮ್ಮೊಬ್ಬರ ಹೆಸರಲ್ಲೇ ಪೋಸ್ಟ್ ಮಾಡಿ.