ಗ್ರಾಫಿಕ್ಸ್ ಕಾರ್ಡಿಗೆ ಸದ್ದಿಲ್ಲದ ಫ್ಯಾನ್

ಪ್ರಶ್ನೆ: ರಾತ್ರಿ ಹೊತ್ತು ಮನೆಯಲ್ಲಿ ವಿಡಿಯೊ ಸಂಕಲನ ಮಾಡುವಾಗ ಗ್ರಾಫಿಕ್ಸ್ ಕಾರ್ಡಿನ ಪುಟ್ಟ ಫ್ಯಾನ್‌ಗಳು ವಿಪರೀತ ಸದ್ದು ಮಾಡುತ್ತವೆ. ಬದಲಿಗೆ ಎಂಥವನ್ನು ಹಾಕಿಸಬಹುದು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮೊದಲು ಹೀಟ್‌ಸಿಂಕಿನ (ಚಿಪ್ಪಿನ ಬಿಸಿಯನ್ನು ಹೀರಿ ಗಾಳಿಗೆ ಬಿಡುವ ಲೋಹದ ಪದರಗಳ) ಧೂಳು ತೆಗೆಸಿ ನೋಡಿ. ಅಡಿಕೆ ಸುಲಿಯುವ, ಒಣಗಿಸುವ ಮನೆಗಳಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಗಾಳಿಗೆ ದಾರಿಯಿಲ್ಲದಾಗ ಎಂಥ ಫ್ಯಾನ್ ಆದರೂ ಜೋರಾಗಿ ತಿರುಗಲೇಬೇಕು.

ಆಮೇಲೂ ಸದ್ದು ತಗ್ಗದಿದ್ದರೆ, ಕಾರ್ಡಿನ ಪ್ಲಾಸ್ಟಿಕ್ ಹೊದಿಕೆಯನ್ನೂ ಮೂಲ ಫ್ಯಾನ್‌ಗಳನ್ನೂ ಕಳಚಿ 120 ಮಿಲಿಮೀಟರಿನ ಎರಡು ಫ್ಯಾನ್‌ಗಳನ್ನು ಕೂರಿಸಬಹುದು, ಏಕೆಂದರೆ ಚಿಕ್ಕ ಫ್ಯಾನ್ ವೇಗವಾಗಿ ತಿರುಗಿ ತಳ್ಳುವಷ್ಟೇ ಗಾಳಿಯನ್ನು ದೊಡ್ಡದು ನಿಧಾನವಾಗಿ ತಿರುಗಿ ತಳ್ಳುತ್ತದೆ. ಹೀಟ್‌ಸಿಂಕಿನ ಒತ್ತಾದ ಪದರಗಳ ನಡುವೆ ಗಾಳಿ ನುಗ್ಗಬೇಕಾದ್ದರಿಂದ ಹೆಚ್ಚು ಒತ್ತಡ ಕೊಡುವ ಮಾದರಿಯನ್ನೇ ಆರಿಸಿ. ಟವರ್ ಕ್ಯಾಬಿನೆಟ್ಟಿನಲ್ಲಿ ಕಾರ್ಡಿನ ಫ್ಯಾನ್‌ಗಳು ಸಾಮಾನ್ಯವಾಗಿ ಕೆಳಮುಖವಾಗಿರುತ್ತವೆ. ಆ ಭಂಗಿಯಲ್ಲಿ ಸರಳ ಕೊಳವೆಯಂಥ ಅಗ್ಗದ ಸ್ಲೀವ್ ಬೇರಿಂಗ್ ಬೇಗ ಸವೆದು ಕಿರುಗುಟ್ಟುವುದರಿಂದ, ಎಣ್ಣೆಯ ಪದರದ ಆಸರೆಯಲ್ಲಿ ತಿರುಗುವ ಫ್ಲೂಯಿಡ್ ಡೈನಾಮಿಕ್ ಬೇರಿಂಗಿಗೆ ತುಸು ಹೆಚ್ಚು ಹಣ ಕೊಡುವುದು ಲೇಸು. ಪೆಟ್ಟಿಗೆಯ ಮೇಲೆ ಅಚ್ಚಾದ ಡೆಸಿಬೆಲ್ ಅಂಕಿಯನ್ನು ನಾನಂತೂ ಪೂರ್ತಿ ನಂಬುವುದಿಲ್ಲ, ಒಂದೊಂದು ಕಂಪನಿ ಅಳೆಯುವ ಕ್ರಮ ಒಂದೊಂದು.

ಪಿಡಬ್ಲ್ಯುಎಂ (ಫ್ಯಾನಿನ ವೇಗವನ್ನು ಕಾರ್ಡೇ ಬೇಕಾದಂತೆ ಏರಿಳಿಸುವ ವ್ಯವಸ್ಥೆ) ಇರುವ ನಾಲ್ಕು ಪಿನ್ನಿನ ಫ್ಯಾನನ್ನೇ ಕೊಳ್ಳಿ. ಕಾರ್ಡಿನ ಸಾಕೆಟ್ ಸಾಮಾನ್ಯವಾಗಿ ಚಿಕ್ಕದಿರುವುದರಿಂದ ಜೋಡಣೆಗೆ ಅಡಾಪ್ಟರ್ ತಂತಿ ಬೇಕಾಗುತ್ತದೆ. ಇಂಥ ಫ್ಯಾನ್ ಸಾಮಾನ್ಯವಾಗಿ 25 ಮಿಲಿಮೀಟರ್ ದಪ್ಪವಿರುತ್ತದೆ, ಆದ್ದರಿಂದ ಕ್ಯಾಬಿನೆಟ್ಟಿನ ಒಳಜಾಗವನ್ನು ಅಳೆದೇ ಅಂಗಡಿಗೆ ಹೋಗಿ. ಹೊದಿಕೆ ಬಿಚ್ಚಿದರೆ ವಾರಂಟಿ ರದ್ದಾಗಬಹುದು. ಅವಧಿ ಉಳಿದಿದ್ದರೆ ಅದು ಮುಗಿಯುವವರೆಗೆ ಸಾಫ್ಟ್‌ವೇರಿನಲ್ಲಿ ಫ್ಯಾನಿನ ವೇಗವನ್ನು ತಗ್ಗಿಸಿ, ಉಷ್ಣಾಂಶದ ಮೇಲೆ ಕಣ್ಣಿಟ್ಟು ಕೆಲಸ ಮಾಡಿ.