ವಿಪಿಎನ್ ಮುಚ್ಚಿದ ಮೇಲೆ ಲಿನಕ್ಸ್‌ನಲ್ಲಿ ವೆಬ್‌ಸೈಟ್‌ಗಳು ಯಾಕೆ ತೆರೆಯುವುದಿಲ್ಲ?

ವಿಪಿಎನ್ ಎಂದರೆ ದೂರದಿಂದಲೇ ಆಫೀಸಿನ ಜಾಲಕ್ಕೆ ಸೇರಿಸುವ ಖಾಸಗಿ ಸಂಪರ್ಕ; ಅದು ಕೊಟ್ಟ ಆಫೀಸಿನ ಡಿಎನ್ಎಸ್ ವಿಳಾಸ ಆಮೇಲೂ ನಿಮ್ಮ ಕಂಪ್ಯೂಟರಿನಲ್ಲೇ ಉಳಿದುಬಿಟ್ಟಿರುತ್ತದೆ. ವೆಬ್‌ಸೈಟಿನ ಹೆಸರಿಗೆ ಅಂಕಿ ವಿಳಾಸ ಹುಡುಕಿಕೊಡುವುದೇ ಡಿಎನ್ಎಸ್. ಗೂಗಲ್‌ನ 8.8.8.8 ಎಂಬ ಅಂಕಿ ವಿಳಾಸಕ್ಕೆ ಪಿಂಗ್ (ಸಂಪರ್ಕ ಪರೀಕ್ಷಿಸುವ ಆದೇಶ) ಹೋಗಿ, ಹೆಸರಿಗೆ ಹೋಗದಿದ್ದರೆ ಕಾರಣ ಬಹುತೇಕ ಇದೇ.

ಓಪನ್‌ವಿಪಿಎನ್ ಎಂಬ ವಿಪಿಎನ್ ತಂತ್ರಾಂಶ ಶುರುವಾಗುವಾಗ ಅದರ 'ಅಪ್' ಸ್ಕ್ರಿಪ್ಟ್ (ಆದೇಶಗಳ ಪಟ್ಟಿ) ರೂಟ್, ಅಂದರೆ ಪೂರ್ಣ, ಅಧಿಕಾರದಲ್ಲಿ ಡಿಎನ್ಎಸ್ ವಿಳಾಸವಿರುವ ರಿಸಾಲ್ವ್.ಕಾನ್ಫ್ ಕಡತ ಬದಲಿಸುತ್ತದೆ. ಆಮೇಲೆ ಸುರಕ್ಷತೆಗೆಂದು ಓಪನ್‌ವಿಪಿಎನ್ ಕನಿಷ್ಠ ಅಧಿಕಾರದ 'ನೋಬಡಿ' ಬಳಕೆದಾರನ ಮಟ್ಟಕ್ಕೆ ಇಳಿದಿದ್ದರೆ, ಮುಚ್ಚುವಾಗ ಹಳೆಯ ವಿಳಾಸ ಮರಳಿಸಬೇಕಾದ 'ಡೌನ್' ಸ್ಕ್ರಿಪ್ಟಿಗೆ ಆ ಕಡತ ಮುಟ್ಟುವ ಹಕ್ಕೇ ಇರುವುದಿಲ್ಲ. 'ಡೌನ್' ಸ್ಕ್ರಿಪ್ಟನ್ನು ರೂಟ್ ಅಧಿಕಾರದಲ್ಲೇ ಓಡಿಸುವ 'ಡೌನ್-ರೂಟ್' ಪ್ಲಗಿನ್ ಇರುವುದೇ ಇದಕ್ಕೆ.

ತೀರ್ಥಹಳ್ಳಿ, ಆಗುಂಬೆ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಕಂಪ್ಯೂಟರ್ ಆರಿದರೆ ಮಾತ್ರ ಯಾವ ಸ್ಕ್ರಿಪ್ಟೂ ಓಡುವುದಿಲ್ಲ. ಅಂಥಲ್ಲಿ ಸಿಸ್ಟಮ್‌ಡಿ-ರಿಸಾಲ್ವ್‌ಡ್ ಎಂಬ ಲಿನಕ್ಸ್ ಡಿಎನ್ಎಸ್ ಸೇವೆ ಬಳಸುವುದೇ ಮೇಲು: ಅದು ಪ್ರತಿ ಸಂಪರ್ಕದ ಡಿಎನ್ಎಸ್ಸನ್ನು ಬೇರೆಬೇರೆ ಇಟ್ಟಿರುತ್ತದೆ, ವಿಪಿಎನ್‌ನ ಟನ್0 ಎಂಬ ಕೃತಕ ಜಾಲ ಕೊಂಡಿ ಅಳಿದೊಡನೆ ಅದರ ವಿಳಾಸವೂ ಅಳಿಯುತ್ತದೆ.