ಮೃತ್ಯುಪತ್ರದಲ್ಲಿ ಸೇರಿಸಿದರೆ ಸಾಲದು, ಈ ಕಾಗದವೇ ಬೇರೆ

ನೀವು ಬೀದರ್ ಜಿಲ್ಲೆಯಿಂದ ಕೇಳಿರುವ ಪ್ರಶ್ನೆಯ ಸಾರ ಇಷ್ಟು: ನಿಮ್ಮ ತಂದೆಯವರಿಗೆ 72 ವರ್ಷ. ಹೊಲ-ಮನೆಗಳ ಬಗ್ಗೆ ಮೃತ್ಯುಪತ್ರ ಬರೆದು ನೋಂದಣಿಯನ್ನೂ ಮಾಡಿಸಿದ್ದಾರೆ. ಈಗ ಅವರು "ಕೊನೆಗಾಲದಲ್ಲಿ ನನ್ನನ್ನು ಮಷಿನಿಗೆ ಹಾಕಿ ಇಡಬೇಡಿರಿ" ಎಂದು ಪದೇ ಪದೇ ಹೇಳುತ್ತಿದ್ದಾರೆ. ಈ ಮಾತನ್ನು ಅದೇ ಮೃತ್ಯುಪತ್ರದಲ್ಲಿ ಸೇರಿಸಿದರೆ ಸಾಕೋ, ಅಥವಾ ನೀವು ಅವರಿಂದ ಮುಖತ್ಯಾರಪತ್ರ (ಪವರ್ ಆಫ್ ಅಟಾರ್ನಿ) ಬರೆಸಿಕೊಳ್ಳಬೇಕೋ?

ಎರಡರಿಂದಲೂ ಕೆಲಸ ಆಗುವುದಿಲ್ಲ. ಮೃತ್ಯುಪತ್ರಕ್ಕೆ ಬಲ ಬರುವುದು ಬರೆದವರ ಉಸಿರು ನಿಂತ ಮೇಲೆ. ನಮ್ಮ ಕಡೆ ಅದನ್ನು ಟ್ರಂಕಿನಿಂದ ಹೊರಗೆ ತೆಗೆಯುವುದೇ ದಿನಕರ್ಮಗಳು ಮುಗಿದ ಬಳಿಕ. ಆಸ್ಪತ್ರೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂಬ ಸೂಚನೆ ಅದರೊಳಗೆ ಇದ್ದರೆ, ಅದನ್ನು ಓದುವ ಹೊತ್ತಿಗೆ ಸಮಯ ಮೀರಿರುತ್ತದೆ. ಮುಖತ್ಯಾರಪತ್ರದ ತೊಡಕು ಇನ್ನೊಂದು ಬಗೆಯದು. 1872ರ ಕರಾರು ಕಾಯ್ದೆಯ 201ನೆಯ ಕಲಮಿನ ಪ್ರಕಾರ, ಬರೆದುಕೊಟ್ಟವರು ತೀರಿಕೊಂಡರೆ ಅಥವಾ ಅವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಎಂದರೆ ತಂದೆಯವರು ಪ್ರಜ್ಞೆ ಕಳೆದುಕೊಂಡು, ನಿಮಗೆ ಆ ಕಾಗದ ನಿಜವಾಗಿ ಬೇಕಾದ ದಿನವೇ ಅದು ಕೈಕೊಡುತ್ತದೆ. ನಿಮಗೆ ಬೇಕಾಗಿರುವುದು ಮುಂಗಡ ವೈದ್ಯಕೀಯ ನಿರ್ದೇಶನ, ಎಂದರೆ ಮುಂದೆ ತಾವೇ ಹೇಳಲಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಈಗಲೇ ಬರೆದಿಡುವ ಕಾಗದ. ಪತ್ರಿಕೆಗಳಲ್ಲಿ ಇದನ್ನು "ಲಿವಿಂಗ್ ವಿಲ್" ಎಂದು ಬರೆಯುತ್ತಾರೆ.

ನಾನು ವಕೀಲಳಲ್ಲ, ಕಲಬುರಗಿಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದು ನಿವೃತ್ತಳಾದವಳು. ಈ ವಿಷಯವನ್ನು ಕಲಿತದ್ದು ನಮ್ಮ ಅವ್ವನ ಕೊನೆಯ ದಿನಗಳಿಂದ. 2019ರಲ್ಲಿ ಅವ್ವನಿಗೆ ಮಿದುಳಿನಲ್ಲಿ ರಕ್ತಸ್ರಾವವಾಗಿ, ನಮ್ಮ ಕಡೆಯ ಅನೇಕರಂತೆ ನಾವೂ ಸೊಲ್ಲಾಪುರಕ್ಕೆ ಕರೆದೊಯ್ದೆವು. ಹತ್ತೊಂಬತ್ತು ದಿನ ಅವಳು ಕೃತಕ ಉಸಿರಾಟದ ಯಂತ್ರದ ಮೇಲಿದ್ದಳು. ಅದಕ್ಕೆ ಮೊದಲು ಎಷ್ಟೋ ಸಲ, ಅಂಗಳದಲ್ಲಿ ಕುಳಿತು ತೊಗರಿಬೇಳೆ ಹಸನು ಮಾಡುತ್ತಾ, "ನನಗ ನಳಿಗಿ-ಗಿಳಿಗಿ ಹಾಕಬ್ಯಾಡ್ರಿ, ಮನ್ಯಾಗ ಇಡ್ರಿ" ಎಂದು ಹೇಳಿದ್ದಳು. ಆದರೆ ಹೇಳಿದ್ದು ಒಬ್ಬೊಬ್ಬರ ಮುಂದೆ ಒಂದೊಂದು ಹೊತ್ತಿನಲ್ಲಿ. ವೈದ್ಯರು "ಬರೆದಿಟ್ಟದ್ದು ಏನಾದರೂ ಇದೆಯೇ? ನಿಮ್ಮಲ್ಲಿ ಯಾರ ಮಾತನ್ನು ನಾವು ಕೇಳಬೇಕು?" ಎಂದಾಗ ನಮ್ಮಲ್ಲಿ ಉತ್ತರ ಇರಲಿಲ್ಲ. ಅವ್ವನ ಮಾತು ನಡೆಸಬೇಕು ಎಂದು ತಮ್ಮ ಹೇಳಿದ. ಪ್ರಾಣ ತೆಗೆಯುವ ಪಾಪ ನನಗೆ ಬೇಡ ಎಂದು ಅಣ್ಣ ಹೇಳಿದ. ಇಬ್ಬರಿಗೂ ಅವ್ವನ ಮೇಲಿನ ಪ್ರೀತಿ ಒಂದೇ ಸಮ ಇತ್ತು. ಅವಳು ಹೋದ ಮೇಲೆ ಎರಡು ಯುಗಾದಿ ಅವರು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡಲಿಲ್ಲ. ನಾಲ್ಕು ಎಕರೆ ಹೊಲ ಯಾರಿಗೆ ಎಂಬುದನ್ನು ಸರ್ವೆ ನಂಬರಿನ ಸಮೇತ ಬರೆದಿಟ್ಟಿದ್ದ ಮನೆ ನಮ್ಮದು. ಅವ್ವನ ಮೈಗೆ ಸಂಬಂಧಿಸಿದ ಒಂದು ಸಾಲೂ ಬರೆದಿರಲಿಲ್ಲ.

ಅಣ್ಣನ ಆತಂಕ ನಿಮ್ಮ ಮನೆಯಲ್ಲೂ ಯಾರಿಗಾದರೂ ಬರಬಹುದು. ಆದ್ದರಿಂದ ಕಾನೂನು ಎಲ್ಲಿ ಗೆರೆ ಎಳೆದಿದೆ ಎಂಬುದನ್ನು ಮೊದಲು ಹೇಳುತ್ತೇನೆ. ಚುಚ್ಚುಮದ್ದು ಕೊಟ್ಟು ಸಾವನ್ನು ತರುವುದು ಭಾರತದಲ್ಲಿ ಇಂದಿಗೂ ಅಪರಾಧ. ಗುಣವಾಗುವ ದಾರಿ ಮುಚ್ಚಿದ ಮೇಲೆ, ಸಾವನ್ನು ಮುಂದೂಡುವುದಕ್ಕಷ್ಟೇ ನಡೆಯುತ್ತಿರುವ ಚಿಕಿತ್ಸೆಯನ್ನು ಬೇಡವೆನ್ನುವುದು ಅಥವಾ ಹಿಂತೆಗೆದುಕೊಳ್ಳುವುದು ಬೇರೆ ಸಂಗತಿ. ಅಲ್ಲಿ ರೋಗ ತನ್ನ ದಾರಿಯಲ್ಲಿ ಸಾಗುತ್ತದೆ, ಯಾರೂ ಯಾರನ್ನೂ ಕೊಲ್ಲುವುದಿಲ್ಲ. ಈ ಭೇದವನ್ನು ಸರ್ವೋಚ್ಚ ನ್ಯಾಯಾಲಯ 2011ರ ಮಾರ್ಚಿನಲ್ಲಿ ಅರುಣಾ ಶಾನಭಾಗ್ ಅವರ ಪ್ರಕರಣದಲ್ಲಿ ಒಪ್ಪಿಕೊಂಡಿತು. ನಮ್ಮ ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ದಾದಿಯಾಗಿದ್ದ ಆ ಹೆಣ್ಣುಮಗಳು 1973ರಲ್ಲಿ ನಡೆದ ಅಮಾನುಷ ದಾಳಿಯ ನಂತರ 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. ಮುಂದೆ 2018ರ ಮಾರ್ಚ್ 9ರಂದು, ಕಾಮನ್ ಕಾಸ್ ಸಂಸ್ಥೆ ಹೂಡಿದ್ದ ಪ್ರಕರಣದಲ್ಲಿ, ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಘನತೆಯಿಂದ ಸಾಯುವ ಹಕ್ಕು, ಜೀವಿಸುವ ಹಕ್ಕನ್ನು ಕೊಡುವ ಸಂವಿಧಾನದ 21ನೆಯ ವಿಧಿಯ ಭಾಗವೇ ಎಂದು ಸಾರಿ, ಮುಂಗಡ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. ಆಗ ಆ ಕಾಗದಕ್ಕೆ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳ ಮೇಲುಸಹಿ ಬೇಕಾಗಿದ್ದುದರಿಂದ ಸಾಮಾನ್ಯ ಜನರಿಗೆ ಅದು ಎಟುಕುವಂತಿರಲಿಲ್ಲ. 2023ರ ಜನವರಿ 24ರಂದು ನ್ಯಾಯಾಲಯವೇ ಆ ಷರತ್ತನ್ನು ತೆಗೆದುಹಾಕಿತು. ಈಗ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿಯ ಅಥವಾ ಯಾರಾದರೂ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿದರೆ ಸಾಕು. ಸಾಕ್ಷಿಗಳು ಸಾಧ್ಯವಾದ ಮಟ್ಟಿಗೆ ಹೊರಗಿನವರಾಗಿರಲಿ ಎಂದು ತೀರ್ಪು ಹೇಳುತ್ತದೆ. ನನ್ನ ಕಾಗದಕ್ಕೆ ನಮ್ಮ ಓಣಿಯ ಇಬ್ಬರು ನಿವೃತ್ತ ಶಿಕ್ಷಕರು ಸಹಿ ಹಾಕಿದರು.

ಬರೆಯುವವರು ವಯಸ್ಕರಾಗಿರಬೇಕು, ಸ್ವಸ್ಥ ಮನಸ್ಸಿನವರಾಗಿರಬೇಕು, ಯಾರ ಒತ್ತಾಯವೂ ಇಲ್ಲದೆ ಪರಿಣಾಮವನ್ನು ಅರಿತು ಬರೆಯಬೇಕು. ಆದ್ದರಿಂದ ನಿಮ್ಮ ತಂದೆಯವರ ನೆನಪು, ಮಾತು ಸರಿಯಾಗಿರುವ ಈ ಕಾಲವೇ ತಕ್ಕ ಕಾಲ. ಮೃತ್ಯುಪತ್ರದಿಂದ ಅತಿ ಹೆಚ್ಚು ಲಾಭ ಪಡೆಯುವ ಮಗನೇ ಈ ಕಾಗದವನ್ನೂ ಓಡಾಡಿ ಮಾಡಿಸಿದರೆ ನಾಳೆ ಸೋದರಿಯರಿಗೆ ಸಂಶಯ ಬರುವುದು ಸಹಜ. ಕರಡು ಬರೆಯುವ ದಿನ ನಿಮ್ಮ ಅಕ್ಕತಂಗಿಯರನ್ನೂ ಮನೆಗೆ ಕರೆಯಿಸಿರಿ ಎಂದು ಒತ್ತಿ ಹೇಳುತ್ತೇನೆ.

ಇನ್ನು ಒಕ್ಕಣೆ. ಹೆಚ್ಚಿನವರು ಎಡವುವುದು ಇಲ್ಲಿಯೇ, ನಾನೂ ಮೊದಲ ಕರಡಿನಲ್ಲಿ ಎಡವಿದ್ದೆ. "ನನ್ನನ್ನು ಮಷಿನಿಗೆ ಹಾಕಬೇಡಿ" ಎಂದಷ್ಟೇ ಬರೆಯಬಾರದು. ತೊಗರಿ ಹೊಲದಲ್ಲಿ ನಾಗರಹಾವು ಕಚ್ಚಿದವರಿಗೆ ವಿಷದಿಂದ ಉಸಿರಾಟದ ಸ್ನಾಯುಗಳು ಸೋತಾಗ, ಕೆಲವು ದಿನ ಅದೇ ಯಂತ್ರ ಉಸಿರು ಕೊಟ್ಟು, ವಿಷ ಇಳಿದ ಮೇಲೆ ಅವರು ನಡೆದುಕೊಂಡು ಮನೆಗೆ ಬರುತ್ತಾರೆ. ನ್ಯುಮೋನಿಯಾದಲ್ಲೂ ಹಾಗಾಗುವುದುಂಟು. ಯಂತ್ರ ಬೇಡವಾಗುವುದು ಯಾವ ಸ್ಥಿತಿಯಲ್ಲಿ ಎಂಬುದನ್ನು ಕಾಗದ ಬಿಡಿಸಿ ಹೇಳಬೇಕು. ನಿರ್ದೇಶನ ಅಸ್ಪಷ್ಟವಾಗಿದ್ದರೆ ವೈದ್ಯಕೀಯ ಮಂಡಳಿ ಅದನ್ನು ಜಾರಿಗೆ ತರುವುದಿಲ್ಲ ಎಂದು ತೀರ್ಪಿನಲ್ಲೇ ಇದೆ. ನನ್ನ ಕಾಗದದ ಮುಖ್ಯ ಭಾಗವನ್ನು ಇಲ್ಲಿ ಇಳಿಸುತ್ತೇನೆ:

"ನನ್ನ ಕಾಯಿಲೆಯು ಗುಣವಾಗುವ ಸಂಭವವಿಲ್ಲವೆಂದು ವೈದ್ಯಕೀಯ ಮಂಡಳಿಯು ತೀರ್ಮಾನಿಸಿದ್ದು, ನನ್ನ ಚಿಕಿತ್ಸೆಯ ಬಗ್ಗೆ ನಾನೇ ನಿರ್ಧರಿಸಿ ತಿಳಿಸುವ ಶಕ್ತಿ ನನ್ನಲ್ಲಿ ಉಳಿದಿರದಿದ್ದಲ್ಲಿ, ಕೃತಕ ಉಸಿರಾಟದ ಯಂತ್ರವನ್ನಾಗಲಿ ಡಯಾಲಿಸಿಸ್ ಅನ್ನಾಗಲಿ ಆರಂಭಿಸಬಾರದು, ಆರಂಭಿಸಿದ್ದರೆ ನಿಲ್ಲಿಸಬೇಕು, ಹೃದಯ ನಿಂತರೆ ಎದೆ ಒತ್ತಿ ಮರಳಿ ಚಾಲನೆಗೊಳಿಸುವ ಯತ್ನ ಮಾಡಬಾರದು. ನೋವು, ಏದುಸಿರು ಮತ್ತು ತಳಮಳವನ್ನು ತಗ್ಗಿಸುವ ಔಷಧವನ್ನು ಕೊನೆಯವರೆಗೂ ತಪ್ಪದೆ ಕೊಡಬೇಕು. ಸಾಧ್ಯವಾದಲ್ಲಿ ನನ್ನನ್ನು ಮನೆಯಲ್ಲಿ ಇರಿಸಬೇಕು."

ಮೂಗಿನ ನಳಿಗೆಯಿಂದ ಆಹಾರ ಕೊಡುವ ವಿಷಯವನ್ನು ತಂದೆಯವರ ಬಳಿ ಪ್ರತ್ಯೇಕವಾಗಿ ಕೇಳಿರಿ. ಯಂತ್ರ ಬೇಡವೆನ್ನುವವರಲ್ಲೂ ಕೆಲವರಿಗೆ ಹಸಿದು ಹೋಗುವುದು ಒಪ್ಪಿಗೆಯಾಗುವುದಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೋ ಅದನ್ನೇ ಬರೆಯಬೇಕು. ನೋವಿನ ಔಷಧದ ಸಾಲನ್ನು ಮಾತ್ರ ಯಾವ ಕಾರಣಕ್ಕೂ ಕೈಬಿಡಬೇಡಿರಿ, ಏಕೆಂದರೆ ಚಿಕಿತ್ಸೆ ಬೇಡವೆಂದು ಬರೆದವರನ್ನು ಆರೈಕೆಯಿಲ್ಲದೆ ಬಿಟ್ಟುಬಿಡುತ್ತಾರೆ ಎಂಬ ಭಯ ಮುದುಕರಲ್ಲಿ ಬಹಳ ಇದೆ, ಆ ಭಯವನ್ನು ಹೋಗಲಾಡಿಸುವುದು ಆ ಒಂದು ಸಾಲು.

ಕಾಗದದಲ್ಲಿ ಒಕ್ಕಣೆಯಷ್ಟೇ ತೂಕವುಳ್ಳದ್ದು, ತಮ್ಮ ಪರವಾಗಿ ಒಪ್ಪಿಗೆ ಕೊಡುವವರ ಹೆಸರು. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಲು 2023ರ ತೀರ್ಪು ಅವಕಾಶ ಕೊಟ್ಟಿದೆ. ಹಿರಿಯ ಮಗ ಎಂಬ ಕಾರಣಕ್ಕೆ ಹಿರಿಯ ಮಗನ ಹೆಸರನ್ನೇ ಬರೆಯುವ ರೂಢಿಯನ್ನು ಇಲ್ಲಿ ಬದಿಗಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತಂದೆಯವರ ಇಷ್ಟ ತಮ್ಮ ಇಷ್ಟಕ್ಕಿಂತ ಬೇರೆಯಾಗಿದ್ದರೂ ಅವರದನ್ನೇ ನಡೆಸಬಲ್ಲವರು ಯಾರು, ಅಪರಾತ್ರಿ ಆಸ್ಪತ್ರೆಯಿಂದ ಕರೆ ಬಂದರೆ ಎದ್ದು ಹೊರಡಬಲ್ಲವರು ಯಾರು ಎಂದು ನೋಡಬೇಕು. ನನ್ನ ಕಾಗದದಲ್ಲಿ ಮಗಳ ಹೆಸರು ಮತ್ತು ನನ್ನ ತಮ್ಮನ ಹೆಸರು ಇವೆ. ಮಗನಿಗೆ ಇದನ್ನು ಎದುರಿಗೆ ಕೂರಿಸಿಕೊಂಡು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಕೈಯಿಂದ ಅದು ಆಗುತ್ತಿರಲಿಲ್ಲವ್ವ" ಎಂದ.

ಸಹಿಯಾದ ಮೇಲೆ ಪ್ರತಿಗಳನ್ನು ಹಂಚಬೇಕು. ಹೆಸರಿಸಿದವರಿಗೆ ಒಂದೊಂದು, ಮನೆಯ ವೈದ್ಯರಿಗೆ ಒಂದು, ನಿಮ್ಮ ಗ್ರಾಮ ಪಂಚಾಯಿತಿ ಅಥವಾ ನಗರಸಭೆಯ ಸಕ್ಷಮ ಅಧಿಕಾರಿಗೆ ಒಂದು. ಆ ಅಧಿಕಾರಿ ಅದನ್ನು ಕಾಪಿಡಲು ಒಬ್ಬರನ್ನು ನೇಮಿಸಬೇಕೆಂದು ತೀರ್ಪು ಹೇಳುತ್ತದೆ. ಕಚೇರಿಯಲ್ಲಿ "ಇಂಥ ಕಾಗದ ಇದುವರೆಗೆ ಬಂದಿಲ್ಲ" ಎಂದರೆ ಜಗಳವಾಡದೆ, ಒಂದು ಮನವಿಯ ಜೊತೆ ಲಗತ್ತಿಸಿ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿರಿ. ನಮ್ಮ ಭಾಗಕ್ಕೆ ಇನ್ನೊಂದು ವಿಶೇಷ ತೊಂದರೆ ಇದೆ. ಬೀದರಿನವರು ಹೈದರಾಬಾದಿಗೆ, ನಾವು ಸೊಲ್ಲಾಪುರಕ್ಕೆ ಹೋಗುವವರು. ಅಲ್ಲಿನ ವೈದ್ಯರಿಗೆ ಕನ್ನಡ ಓದಲು ಬಾರದು. ಸರ್ವೋಚ್ಚ ನ್ಯಾಯಾಲಯದ ತೀರ್ಪು ಇಡೀ ದೇಶಕ್ಕೆ ಅನ್ವಯಿಸುವುದರಿಂದ ಕಾಗದ ಅಲ್ಲಿಯೂ ಸಲ್ಲುತ್ತದೆ. ಆದರೆ ಕನ್ನಡದ ಒಕ್ಕಣೆಯ ಜೊತೆಗೆ ಅದೇ ಅರ್ಥದ ಇಂಗ್ಲಿಷ್ ಒಕ್ಕಣೆಯನ್ನೂ ಸಿದ್ಧಮಾಡಿ, ಎರಡಕ್ಕೂ ಅದೇ ದಿನ, ಅದೇ ಸಾಕ್ಷಿಗಳ ಎದುರು ಸಹಿ ಮಾಡಿಸುವುದು ಒಳ್ಳೆಯದು. ತಂದೆಯವರಿಗೆ ಇಂಗ್ಲಿಷ್ ಬಾರದಿದ್ದರೆ ಅದನ್ನು ಅವರಿಗೆ ಕನ್ನಡದಲ್ಲಿ ಓದಿ ಹೇಳಲಾಗಿದೆ ಎಂಬ ಸಾಲು ಅದರಲ್ಲಿರಲಿ. ಅದರ ಚಿತ್ರವೊಂದು ನಿಮ್ಮ ಫೋನಿನಲ್ಲೂ ಇರಲಿ.

ಕಾಗದ ತೋರಿಸಿದ ಕೂಡಲೇ ಯಂತ್ರ ತೆಗೆದುಬಿಡುತ್ತಾರೆ ಎಂದು ಯಾರೂ ಹೆದರಬೇಕಾಗಿಲ್ಲ. ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಕನಿಷ್ಠ ಐದು ವರ್ಷ ಅನುಭವವುಳ್ಳ ಇಬ್ಬರು ತಜ್ಞರೂ ಇರುವ ಪ್ರಾಥಮಿಕ ಮಂಡಳಿ ಮೊದಲು ಪರೀಕ್ಷಿಸುತ್ತದೆ. ಬಳಿಕ ಜಿಲ್ಲೆಯ ಮುಖ್ಯ ವೈದ್ಯಾಧಿಕಾರಿಗಳು ಸೂಚಿಸಿದ ಒಬ್ಬ ವೈದ್ಯರೂ ಬೇರೆ ಇಬ್ಬರು ತಜ್ಞರೂ ಇರುವ ದ್ವಿತೀಯ ಮಂಡಳಿ ಮತ್ತೆ ನೋಡುತ್ತದೆ. ಎರಡೂ ಮಂಡಳಿಗಳು ಸಾಧ್ಯವಾದರೆ 48 ಗಂಟೆಗಳೊಳಗೆ ಅಭಿಪ್ರಾಯ ತಿಳಿಸಬೇಕು. ಹೆಸರಿಸಿದವರ ಒಪ್ಪಿಗೆ ಪಡೆದು, ಆಸ್ಪತ್ರೆಯು ದಂಡಾಧಿಕಾರಿಗಳಿಗೆ ತಿಳಿಸಿದ ನಂತರವೇ ನಿರ್ಧಾರ ಜಾರಿಯಾಗುತ್ತದೆ. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದಕ್ಕಾಗಿ ಸುತ್ತೋಲೆ ಹೊರಡಿಸಿದೆ. ದ್ವಿತೀಯ ಮಂಡಳಿಗೆ ವೈದ್ಯರನ್ನು ಸೂಚಿಸುವ ಹೊಣೆ ಇಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳದು. ನಮ್ಮ ರಾಜ್ಯದ ಆಸ್ಪತ್ರೆಯಲ್ಲಿ ಮಂಡಳಿ ಒಪ್ಪದಿದ್ದರೆ ಉಚ್ಚ ನ್ಯಾಯಾಲಯದ ಮೊರೆ ಹೋಗಬಹುದು, ಅದಕ್ಕೆ ಬೆಂಗಳೂರಿನವರೆಗೆ ಹೋಗಬೇಕಾಗಿಲ್ಲ, ಕಲಬುರಗಿಯಲ್ಲೇ ಪೀಠವಿದೆ.

ತಂದೆಯವರಿಗೆ ಮನಸ್ಸು ಬದಲಾದರೆ, ಸ್ವಸ್ಥ ಬುದ್ಧಿ ಇರುವವರೆಗೆ ಯಾವಾಗ ಬೇಕಾದರೂ ಲಿಖಿತವಾಗಿ ರದ್ದುಪಡಿಸಬಹುದು, ಇದೇ ಕ್ರಮದಲ್ಲಿ ಹೊಸದನ್ನು ಬರೆಯಬಹುದು. ಕೊನೆಯದಾಗಿ ಸಹಿ ಮಾಡಿದ್ದೇ ಊರ್ಜಿತ. ಹಳೆಯ ಪ್ರತಿ ಯಾರ ಬಳಿ ಇದೆಯೋ ಅವರಿಂದ ಅದನ್ನು ತಪ್ಪದೆ ಹಿಂದಕ್ಕೆ ಪಡೆಯಿರಿ.

ಹಣದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ಆಸ್ಪತ್ರೆಯ ಖರ್ಚಿಗೆ ತಂದೆಯವರ ಖಾತೆಯಿಂದ ಹಣ ತೆಗೆಯಬೇಕಾದಾಗ ನಾಮನಿರ್ದೇಶನ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ನಾಮಿನಿಯ ಕೈಗೆ ಹಣ ಬರುವುದು ಮರಣಾನಂತರ. ಒಂದು ಖಾತೆಯನ್ನಾದರೂ ನಿಮ್ಮ ತಾಯಿಯವರ ಜೊತೆ ಜಂಟಿಯಾಗಿ, ಇಬ್ಬರಲ್ಲಿ ಯಾರಾದರೂ ಒಬ್ಬರು ಹಣ ತೆಗೆಯಬಹುದಾದ ರೀತಿಯಲ್ಲಿ ಈಗಲೇ ಮಾಡಿಸಿರಿ. ಮೃತ್ಯುಪತ್ರವನ್ನು ಇದ್ದಂತೆಯೇ ಇರಲು ಬಿಡಿರಿ.

ಕರಡು ಸಿದ್ಧವಾದ ಮೇಲೆ, ಹೆಸರು ಮತ್ತು ಊರಿನ ವಿವರಗಳನ್ನು ತೆಗೆದು ಇದರ ಕೆಳಗೆ ಹಾಕಿದರೆ, ನಾನು ಸಾಲುಸಾಲಾಗಿ ಓದಿ, ಎಲ್ಲಿ ಎರಡು ಅರ್ಥ ಬರುತ್ತದೆ ಎಂದು ಹೇಳುತ್ತೇನೆ. ನೋಟರಿಯ ಬಳಿ ಹೋಗುವ ಮೊದಲು ತಂದೆಯವರೇ ಅದನ್ನು ಮನೆಯವರೆಲ್ಲರ ಮುಂದೆ ಒಮ್ಮೆ ಗಟ್ಟಿಯಾಗಿ ಓದಲಿ. ಯಾರಿಗೆ ಏನು ಕೇಳಬೇಕೋ ಅಂದೇ ಅವರನ್ನೇ ಕೇಳಲಿ.